ಕುತ್ತಿಗೆಗೆ ಕಾಲರ್ ಹಾಕಿದರೆ ಉಸಿರಿಗೇನಾಗುತ್ತದೆ?

ಮಳೆಗಾಲ, ಅಡಿಕೆಗೆ ಮದ್ದು ಬಿಡುವ ಸಮಯ. ಹೆಬ್ರಿ ಕಡೆ ನಮ್ಮ ನೆಂಟರ ತೋಟದಲ್ಲಿ ಒಬ್ಬರು ಮರದಿಂದ ಜಾರಿ ಬಿದ್ದರು. 108 ಬಂತು. ಅದರಲ್ಲಿ ಬಂದವರು ಕುತ್ತಿಗೆಗೆ ಗಟ್ಟಿ ಕಾಲರ್ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ಎದೆಗೆ ಪಟ್ಟಿ ಬಿಗಿದರು. ಮಣಿಪಾಲದ ದಾರಿಯುದ್ದಕ್ಕೂ ಅವರದ್ದು ಒಂದೇ ಮಾತು: "ಸ್ವಲ್ಪ ಸಡಿಲ ಮಾಡು ಮಾರಾಯ, ಉಸಿರು ಕಟ್ತದೆ." ಹೆದರಿಕೆಗೆ ಹಾಗೆ ಹೇಳುತ್ತಾರೆ ಅಂದುಕೊಂಡೆವು.

ಆ ಕಾಲರಿನ ಪೂರ್ತಿ ಹೆಸರು ಸರ್ವೈಕಲ್ ಕಾಲರ್. ಸರ್ವಿಕ್ಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ಕುತ್ತಿಗೆ. ಕುತ್ತಿಗೆ ನೋವಿಗೆ ಕೆಲವರು ಹಾಕಿಕೊಂಡು ಓಡಾಡುವ ಮೆತ್ತಗಿನ ಸ್ಪಂಜಿನ ಬೆಲ್ಟ್ ಇದಲ್ಲ. ಇದು ಗಟ್ಟಿ ಪ್ಲಾಸ್ಟಿಕ್ಕಿನದು. ಕೆಳಗೆ ಎದೆಯ ಮೇಲೆ ಕೂತು, ಮೇಲೆ ಗದ್ದವನ್ನು ಎತ್ತಿ ಹಿಡಿಯುತ್ತದೆ. ಕಾಲರ್, ತಲೆಯ ಎರಡೂ ಬದಿಗೆ ಇಡುವ ಬ್ಲಾಕ್, ಹಲಗೆ, ಪಟ್ಟಿ ಎಲ್ಲ ಸೇರಿ ಕುತ್ತಿಗೆ ಅಲ್ಲಾಡದ ಹಾಗೆ ಮಾಡುವುದಕ್ಕೆ ಇಮ್ಮೊಬಿಲೈಸೇಶನ್ ಅನ್ನುತ್ತಾರೆ.

ಇಷ್ಟೆಲ್ಲ ಯಾಕೆ ಅಂದರೆ, ಅದೂ ಉಸಿರಿಗಾಗಿಯೇ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಕೆಳಗೆ ಸರಿದಾಗಲೇ ನಾವು ಉಸಿರು ಎಳೆದುಕೊಳ್ಳುವುದು. ಅದನ್ನು ನಡೆಸುವ ನರ ಹುಟ್ಟುವುದು ಕುತ್ತಿಗೆಯಲ್ಲಿ, ಬೆನ್ನುಹುರಿಯ 3, 4, 5ನೇ ಭಾಗದಿಂದ. ಅದಕ್ಕಿಂತ ಮೇಲೆ ಹುರಿ ತುಂಡಾದರೆ ಉಸಿರೇ ನಿಲ್ಲುತ್ತದೆ. ಕೆಳಗೆ ಪೆಟ್ಟಾದರೆ ವಪೆ ದುಡಿಯುತ್ತದೆ, ಆದರೆ ಪಕ್ಕೆಲುಬಿನ ನಡುವಿನ ಸ್ನಾಯುಗಳು ಕೈಕೊಡುತ್ತವೆ. ಅಂಥವರಿಗೆ ಗಟ್ಟಿಯಾಗಿ ಕೆಮ್ಮಲಿಕ್ಕೂ ಆಗುವುದಿಲ್ಲ.

ಇನ್ನು ಕಟ್ಟಿದ್ದರ ತೊಂದರೆ. ಗದ್ದಕ್ಕೆ ಒತ್ತು ಬಿದ್ದು ಬಾಯಿ ಪೂರ್ತಿ ತೆರೆಯುವುದಿಲ್ಲ. ಗಂಟಲಿಗೆ ಉಸಿರಿನ ನಳಿಕೆ ಹಾಕಬೇಕಾದಾಗ ವೈದ್ಯರಿಗೆ ಇದೇ ದೊಡ್ಡ ಅಡ್ಡಿ. ಹಾಗಾಗಿ ಒಬ್ಬರು ಎರಡೂ ಕೈಯಿಂದ ತಲೆಯನ್ನು ನೇರಕ್ಕೆ ಹಿಡಿದುಕೊಂಡು, ಕಾಲರಿನ ಮುಂಭಾಗ ಬಿಚ್ಚಿ ನಳಿಕೆ ಹಾಕುತ್ತಾರೆ. ಎದೆಯ ಪಟ್ಟಿಯದ್ದು ಬೇರೆ ತಾಪತ್ರಯ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 39 ಆರೋಗ್ಯವಂತರನ್ನು ಹೀಗೆ ಕಟ್ಟಿ ಮಲಗಿಸಿ ನೋಡಿದ್ದರು. ಉಸಿರಾಟ ಸರಾಸರಿ ಶೇಕಡಾ 15ರಷ್ಟು ತಗ್ಗಿತ್ತು. ಪೆಟ್ಟೇ ಆಗದವರಿಗೆ ಹೀಗಾದರೆ, ಪಕ್ಕೆಲುಬು ಮುರಿದವರಿಗೆ ಹೇಗಿರಬೇಡ!

ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದ್ದು ವಾಂತಿಗೆ. ಅಂಗಾತ ಮಲಗಿದವರು ತಲೆ ಹೊರಳಿಸಲಾಗದೆ ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆಗ ತಲೆಯನ್ನು ಮಾತ್ರ ತಿರುಗಿಸುವುದಲ್ಲ. ಮೂರು ನಾಲ್ಕು ಜನ ಸೇರಿ ಇಡೀ ಮೈಯನ್ನು ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೇ ಮಗ್ಗುಲಿಗೆ ಹೊರಳಿಸಬೇಕು. ಇದರ ಹೆಸರೂ ಅದೇ, ಲಾಗ್ ರೋಲ್.

ಈಗ ಮಾತೂ ಸ್ವಲ್ಪ ಬದಲಾಗಿದೆ. ಗಾಯಾಳುಗಳನ್ನು ನೋಡಿಕೊಳ್ಳುವುದನ್ನು ವೈದ್ಯರಿಗೆ ಕಲಿಸುವ ಎಟಿಎಲ್‌ಎಸ್ ತರಬೇತಿ 2018ರಿಂದ ಇಮ್ಮೊಬಿಲೈಸೇಶನ್ ಬದಲು "ಚಲನೆ ಕಡಿಮೆ ಮಾಡುವುದು" ಅನ್ನುವ ಅರ್ಥದ ಪದ ಬಳಸುತ್ತಿದೆ. ಕುತ್ತಿಗೆ ಒಂಚೂರೂ ಅಲ್ಲಾಡದ ಹಾಗೆ ಯಾರಿಂದಲೂ ಕಟ್ಟಲಿಕ್ಕಾಗುವುದಿಲ್ಲ, ಅಲ್ವಾ? ಹೊಸ ಪದವೇ ಹೆಚ್ಚು ಪ್ರಾಮಾಣಿಕ ಅಂತ ನನಗನಿಸುತ್ತದೆ.

ಹಾಗಂತ ರೋಗಿ ಕೇಳಿದರು ಅಂತ ನಾವೇ ಕಾಲರ್ ಬಿಚ್ಚುವಂತಿಲ್ಲ. ಆಂಬುಲೆನ್ಸಿನವರಿಗೆ, ಇಲ್ಲವೇ ನರ್ಸಿಗೆ ಕೂಡಲೇ ಹೇಳಬೇಕು. ಸುಮ್ನೆ ಹೆದರುತ್ತಿದ್ದಾರೆ ಅಂತ ಬಿಟ್ಟುಬಿಡುವುದೂ ತಪ್ಪು. ನಾವು ಮಾಡಿದ್ದು ಅದನ್ನೇ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಕುತ್ತಿಗೆಯ ಮೂಳೆಗೆ ಏನೂ ಆಗಿರಲಿಲ್ಲ. ಮುರಿದದ್ದು ಎರಡು ಪಕ್ಕೆಲುಬು, ಸರಿಯಾಗಿ ಆ ಪಟ್ಟಿ ಬಿಗಿದ ಜಾಗದಲ್ಲಿ.