ನೆಲದಡಿಯ ನೀರಿನ ಜಾಡು ತೋರಿಸಿದ ಹಸಿರು ಬಣ್ಣ

ಜರ್ಮನಿಯ ನೈಋತ್ಯ ಭಾಗದ ಇಮ್ಮೆಂಡಿಂಗನ್ ಎಂಬ ಊರಿನ ಬಳಿ ಡ್ಯಾನ್ಯೂಬ್ ನದಿಯ ನೀರು ಪಾತ್ರದ ಸುಣ್ಣಕಲ್ಲಿನ ಬಿರುಕುಗಳೊಳಗೆ ಇಂಗಿಹೋಗುತ್ತದೆ. ಮಳೆ ಕಡಿಮೆಯಾದ ದಿನಗಳಲ್ಲಿ ಅಲ್ಲಿಂದ ಮುಂದಕ್ಕೆ ಒಣ ಕಲ್ಲುಗಳಷ್ಟೇ ಉಳಿಯುತ್ತವೆ. ನದಿ ಹೀಗೆ ಪೂರ್ತಿ ಬತ್ತಿದ್ದು ಮೊದಲು ದಾಖಲಾದದ್ದು 1874ರಲ್ಲಿ. ನೀರು ಇಂಗುವ ಜಾಗ ಬಾಡೆನ್ ರಾಜ್ಯದಲ್ಲಿದ್ದರೆ, ಅದರ ಕೆಳಗಿನ ಟುಟ್ಲಿಂಗನ್ ಪಟ್ಟಣ ವ್ಯುರ್ಟೆಂಬರ್ಗ್ ರಾಜ್ಯಕ್ಕೆ ಸೇರಿತ್ತು. ಬಿರುಕುಗಳನ್ನು ಮುಚ್ಚಿ ನೀರನ್ನು ಉಳಿಸಬೇಕೆಂಬುದು ಕೆಳಗಿನವರ ಬೇಡಿಕೆ. ದಕ್ಷಿಣಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಜರ್ಮನಿಯಲ್ಲೇ ಅತಿ ದೊಡ್ಡ ಊಟೆಯಾದ ಆಹ್ ಊಟೆಯಿಂದ ಹೊರಡುವ ಹೊಳೆಯನ್ನು ನಂಬಿದ್ದ ಕಾರ್ಖಾನೆಗಳವರು, ಹಾಗೆ ಮಾಡಿದರೆ ತಮ್ಮ ಹೊಳೆ ಸೊರಗುತ್ತದೆಂದು ಅದಕ್ಕೆ ಅಡ್ಡಬಂದರು. ಎರಡೂ ಕಡೆಯ ನೀರು ಒಂದೇ ಎಂಬ ಊಹೆ ಹಳೆಯದಾದರೂ ಅದಕ್ಕೆ ಪುರಾವೆಯಿರಲಿಲ್ಲ.

ಪುರಾವೆ ಒದಗಿಸಿದವರು ಕಾರ್ಲ್ಸ್‌ರೂಹೆಯ ಭೂವಿಜ್ಞಾನಿ ಅಡಾಲ್ಫ್ ಕ್ನೋಪ್. 1877ರಲ್ಲಿ ಅವರು ಉಪ್ಪನ್ನೂ ಕಲ್ಲೆಣ್ಣೆಯನ್ನೂ ಇಂಗುವ ನೀರಿಗೆ ಸೇರಿಸಿದ್ದಲ್ಲದೆ, ಅಕ್ಟೋಬರ್ 9ರಂದು 10 ಕಿಲೋಗ್ರಾಂ ಫ್ಲೋರೆಸಿನ್ ಬಣ್ಣವನ್ನು ಸುರಿಸಿದರು. ರಸಾಯನವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ ಈ ಬಣ್ಣವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಆಗ ಆರು ವರ್ಷವಷ್ಟೇ ಆಗಿತ್ತು. ನೀಲಿ ಬೆಳಕನ್ನು ಹೀರಿ ಹಸಿರು ಬೆಳಕನ್ನು ಹೊರಸೂಸುವ ಗುಣವಿರುವುದರಿಂದ ಅದು ಅಪಾರ ನೀರಿನಲ್ಲಿ ತೆಳುವಾದರೂ ಗುರುತು ಸಿಗುತ್ತದೆ. ಸುಮಾರು 60 ಗಂಟೆಗಳ ನಂತರ ಆಹ್ ಊಟೆ ಹಸಿರಾಗಿ ಹೊಳೆಯತೊಡಗಿತು. ನೀರಿನಲ್ಲಿ ಉಪ್ಪೂ ಎಣ್ಣೆಯ ರುಚಿಯೂ ಇದ್ದವು.

ಈ ಫಲಿತಾಂಶದ ತೂಕ ಅರ್ಥವಾಗಬೇಕಾದರೆ ನಕ್ಷೆಯನ್ನು ನೋಡಬೇಕು. ಡ್ಯಾನ್ಯೂಬ್ ಕಪ್ಪು ಸಮುದ್ರ ಸೇರುವ ನದಿ. ಆಹ್ ಹೊಳೆ ಬೋಡನ್ ಸರೋವರದ ಮೂಲಕ ರೈನ್ ನದಿಗೆ, ಅಲ್ಲಿಂದ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಅಂದರೆ ಭೂಮಿಯ ಮೇಲಿನ ಏರುತಗ್ಗು ನೋಡಿ ಎಳೆದ ಜಲವಿಭಾಜಕ ರೇಖೆಯನ್ನು ನೀರು ನೆಲದಡಿಯಲ್ಲಿ ದಾಟಿಹೋಗುತ್ತಿತ್ತು. ಜಗಳ ಅಲ್ಲಿಗೆ ಮುಗಿಯಲಿಲ್ಲ. ವ್ಯುರ್ಟೆಂಬರ್ಗ್ ಮತ್ತು ಪ್ರಷ್ಯಾ ರಾಜ್ಯಗಳು ಬಾಡೆನ್ ವಿರುದ್ಧ ಹೂಡಿದ ದಾವೆಯಲ್ಲಿ ಜರ್ಮನಿಯ ರಾಜ್ಯಗಳ ವ್ಯಾಜ್ಯ ನೋಡುವ ನ್ಯಾಯಾಲಯ 1927ರಲ್ಲಿ ತೀರ್ಪಿತ್ತು, ಸಹಜವಾಗಿ ಇಂಗುವುದನ್ನು ಸಹಿಸಬೇಕು, ಆದರೆ ಕೃತಕವಾಗಿ ಅದನ್ನು ಹೆಚ್ಚಿಸುವುದಾಗಲಿ ಕುಗ್ಗಿಸುವುದಾಗಲಿ ಕೂಡದು ಎಂದಿತು. ಬಣ್ಣದ ಪ್ರಯೋಗ ತೋರಿಸಿಕೊಟ್ಟ ಸಂಬಂಧವಿಲ್ಲದೆ ಇಂಥ ತೀರ್ಪನ್ನು ಯೋಚಿಸುವುದೂ ಕಷ್ಟವಿತ್ತು.

ಫ್ರಾನ್ಸಿನಲ್ಲಿ ಇಂಥದೇ ನೆಲದಡಿಯ ಸಂಬಂಧದ ಸುಳಿವು ಸಿಕ್ಕಿದ್ದು ಅಪಘಾತದಿಂದ. 1901ರಲ್ಲಿ ಪೊಂಟಾರ್ಲಿಯೆಯ ಮದ್ಯದ ಕಾರ್ಖಾನೆಗೆ ಬೆಂಕಿ ಬಿದ್ದು ಆಬ್ಸಿಂತ್ ಮದ್ಯ ಡೂ ನದಿ ಸೇರಿತು; ಅದರ ವಾಸನೆ ಲೂ ನದಿಯ ಮೂಲದಲ್ಲಿ ಬಂತು. 1910ರ ಫ್ಲೋರೆಸಿನ್ ಪ್ರಯೋಗ ಆ ಸಂಬಂಧವನ್ನು ಖಚಿತಪಡಿಸಿತು. 1931ರಲ್ಲಿ ಗುಹಾನ್ವೇಷಕ ನಾರ್ಬೆರ್ ಕಾಸ್ಟೆರೆ ಪಿರೆನೀಸ್ ಪರ್ವತದಲ್ಲಿ 60 ಕಿಲೋಗ್ರಾಂ ಬಣ್ಣ ಸುರಿದು, ಸ್ಪೇನಿನ ಅನೆಟೊ ಶಿಖರದ ಹಿಮಕರಗು ನೀರು ಫ್ರಾನ್ಸಿಗೆ ಹರಿಯುವ ಗಾರೋನ್ ನದಿಗೆ ಹೋಗುತ್ತದೆಂದು ತೋರಿಸಿದರು. ಆ ನೀರನ್ನು ಸ್ಪೇನಿನಲ್ಲೇ ವಿದ್ಯುತ್ತಿಗೆ ಬಳಸುವ ಯೋಜನೆ ಆಗ ಮುಂದಿತ್ತು.

ಆಮೇಲೆ ನದಿಯನ್ನೇ ಹಸಿರಾಗಿಸುವ ಅಗತ್ಯ ಉಳಿಯಲಿಲ್ಲ. 1950ರ ದಶಕದಿಂದ ಇದ್ದಿಲಿನ ಚೀಲಗಳನ್ನು ಊಟೆಗಳಲ್ಲಿ ಇಳಿಬಿಟ್ಟು, ಅವು ಹೀರಿಕೊಂಡ ಬಣ್ಣವನ್ನು ಪ್ರಯೋಗಾಲಯದಲ್ಲಿ ತೆಗೆದು ಅಳೆಯುವ ಕ್ರಮ ಬಂತು. ಕಣ್ಣಿಗೆ ಕಾಣದಷ್ಟು ಕಡಿಮೆ ಬಣ್ಣವನ್ನೂ, ಅದು ಸೂಸುವ ಬೆಳಕನ್ನು ಅಳೆಯುವ ಫ್ಲೋರೋಮೀಟರ್ ಎಂಬ ಉಪಕರಣ ಗುರುತಿಸತೊಡಗಿತು. ಹಾಗಾಗಿ ಕುಡಿಯುವ ನೀರಿನ ಮೂಲಗಳಲ್ಲೂ ಪರೀಕ್ಷೆ ಸಾಧ್ಯವಾಯಿತು. ಆದರೆ ಈ ಸೂಕ್ಷ್ಮತೆ ಎಚ್ಚರವನ್ನೂ ಬೇಡುತ್ತದೆ. ವಾಹನಗಳ ಎಂಜಿನ್ ತಂಪಾಗಿಸುವ ಕೂಲಂಟ್ ದ್ರವದಲ್ಲಿ ಫ್ಲೋರೆಸಿನ್ ಇರುವುದುಂಟು. ಆದ್ದರಿಂದ ಬಣ್ಣ ಸುರಿಯುವ ಮೊದಲೇ ಊಟೆಯ ನೀರನ್ನು ಪರೀಕ್ಷಿಸಿಟ್ಟುಕೊಳ್ಳದಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ. ಫ್ಲೋರೆಸಿನ್ ಬಿಸಿಲಿಗೆ ಮಾಸುತ್ತದೆ, ರೋಡಮೀನ್ ಬಿ ಎಂಬ ಇನ್ನೊಂದು ಬಣ್ಣ ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ. ಬಣ್ಣ ಕಾಣಿಸಿಕೊಂಡರೆ ಸಂಬಂಧ ಸಾಬೀತಾಗುತ್ತದೆ. ಕಾಣಿಸದಿದ್ದರೆ ಸಂಬಂಧವಿಲ್ಲವೆಂದು ಹೇಳಲಾಗದು, ಏಕೆಂದರೆ ನೀರಿನ ಮಟ್ಟ ಏರಿದಾಗ ಸುಣ್ಣಕಲ್ಲಿನೊಳಗೆ ಬೇರೆ ದಾರಿಗಳು ತೆರೆದುಕೊಳ್ಳುತ್ತವೆ. ನೆಲದಡಿಯ ನೀರು ಕೆಡದಂತೆ ಕಸದ ಗುಂಡಿಗೆ ಜಾಗ ಆರಿಸುವವರು ಒಂದೇ ಋತುವಿನ ಒಂದು ಪರೀಕ್ಷೆಯನ್ನು ನೆಚ್ಚಿಕೊಳ್ಳಬಾರದು ಎನ್ನುವುದು ಇದೇ ಕಾರಣಕ್ಕೆ.