ಸ್ಟೇಷನರಿ ಫೇಸ್: ಕಾಲಮ್ ಒಳಗಿನ ಪದರವನ್ನು ಆರಿಸುವುದು ಹೇಗೆ?

ಗ್ಯಾಸ್ ಕ್ರೊಮ್ಯಾಟೋಗ್ರಫಿ ಅಂದರೆ ಮಿಶ್ರಣವನ್ನು ಆವಿ ಮಾಡಿ, ಅದರಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ. ಅದರ ಕಾಲಮ್ ಅಂದರೆ ಸುರುಳಿ ಸುತ್ತಿದ ಸಣ್ಣ ಕೊಳವೆ. ಸಾಮಾನ್ಯವಾಗಿ ಉದ್ದ 30 ಮೀಟರ್, ಒಳವ್ಯಾಸ 0.25 ಮಿಲಿಮೀಟರ್. ಅದರ ಒಳಗೋಡೆಗೆ ಬಳಿದ ತೆಳು ಪದರವೇ ಸ್ಟೇಷನರಿ ಫೇಸ್. ಹೀಲಿಯಂನಂಥ ಅನಿಲ ಸ್ಯಾಂಪಲ್ಲಿನ ಆವಿಯನ್ನು ಮುಂದಕ್ಕೆ ಒಯ್ಯುತ್ತದೆ, ಪದರ ತಡೆದು ಹಿಡಿಯುತ್ತದೆ. ಯಾವುದನ್ನು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದರಲ್ಲೇ ಎಲ್ಲ ಇದೆ.

ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆಹಣ್ಣನ್ನೇ ತೆಗೆದುಕೊಳ್ಳಿ. ಸಿಪ್ಪೆಯ ಎಣ್ಣೆಯಲ್ಲಿ ಲಿಮೊನೀನ್ ಜಾಸ್ತಿ, ಜೊತೆಗೆ ಸ್ವಲ್ಪ ಪ್ಯಾರಾ-ಸೈಮೀನ್. ಒಂದು ಕುದಿಯುವುದು 176 ಡಿಗ್ರಿಗೆ, ಇನ್ನೊಂದು 177ಕ್ಕೆ. 5% ಫೀನೈಲ್ ಇರುವ ಸಿಲಿಕೋನ್ ಪದರ ಬಹುಮಟ್ಟಿಗೆ ಕುದಿಬಿಂದು ನೋಡಿಯೇ ಬೇರ್ಪಡಿಸುತ್ತದೆ. ಹಾಗಾಗಿ ಎರಡೂ ಬೆನ್ನಿಗೆ ಬೆನ್ನು ಹಚ್ಚಿ ಹೊರಬರುತ್ತವೆ. ಲಿಮೊನೀನ್‌ನ ದೊಡ್ಡ ಪೀಕ್ (ಯಂತ್ರ ಬರೆಯುವ ಗ್ರಾಫಿನಲ್ಲಿ ಕಾಣುವ ಏರು) ಅಡಿಯಲ್ಲಿ ಸೈಮೀನ್ ಮುಚ್ಚಿಹೋಗಬಹುದು. ಅದೇ ಎಣ್ಣೆಯನ್ನು ವ್ಯಾಕ್ಸ್ ಕಾಲಮ್‌ಗೆ, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್ ಪದರಕ್ಕೆ, ಹಾಕಿ ನೋಡಿ. ಸೈಮೀನ್‌ನಲ್ಲಿ ಬೆಂಜೀನ್ ಉಂಗುರ ಇದೆ. ವ್ಯಾಕ್ಸ್‌ನಂಥ ಪೋಲಾರ್ (ಅಣುವಿನಲ್ಲಿ ವಿದ್ಯುದಾವೇಶ ಅಸಮವಾಗಿ ಹಂಚಿರುವ) ಪದರ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ, ಲಿಮೊನೀನ್ ಮೊದಲೇ ದಾಟಿಹೋಗುತ್ತದೆ.

ಪೀಕ್ ಬೇರೆಯಾಗಲಿಲ್ಲ ಅಂತ ಹಲವರು ಸುಮ್ನೆ 60 ಮೀಟರ್ ಕಾಲಮ್ ತರಿಸುತ್ತಾರೆ. ಉದ್ದ ಎರಡು ಪಟ್ಟಾದರೆ ಬೇರ್ಪಡಿಕೆ ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ, ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ. ಮೊದಲು ಪದರ ಬದಲಿಸಿ ನೋಡುವುದೇ ಸರಿ.

ಹಾಗಂತ ಎಲ್ಲದಕ್ಕೂ ವ್ಯಾಕ್ಸ್ ಬೇಡ. ಅದರ ಮಿತಿ ಸುಮಾರು 250 ಡಿಗ್ರಿ, ಬಿಸಿಯಲ್ಲಿ ಆಮ್ಲಜನಕ ತಾಗಿದರೆ ಬೇಗ ಹಾಳಾಗುತ್ತದೆ. 5% ಫೀನೈಲ್ ಪದರ 300 ದಾಟಿದರೂ ತಾಳುತ್ತದೆ. ವಿಜಯಪುರದ ಒಣದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಹುಡುಕುವಾಗ, ತಡವಾಗಿ ಆವಿಯಾಗುವ ಅಣುಗಳೂ ಇರುವುದರಿಂದ, ಅದೇ ವಾಸಿ.

ಮುಧೋಳ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಯ ಸ್ಪಿರಿಟ್ ಬೇರೆ ಮಾತು. ವ್ಯಾಕ್ಸ್ ಪದರ ಹೈಡ್ರೋಜನ್ ಬಂಧದಿಂದ ಆಲ್ಕೋಹಾಲ್‌ಗಳನ್ನು ಹಿಡಿಯುತ್ತದೆ. ಮೆಥನಾಲ್, ಎಥನಾಲ್, ಪ್ರೊಪನಾಲ್ ಸಾಲಾಗಿ, ಚೂಪು ಪೀಕ್‌ಗಳಾಗಿ ಬರುತ್ತವೆ. ಆದರೆ ಅಲ್ಲೇ ಒಂದು ಅಪಾಯ ಇದೆ: ಈಥೈಲ್ ಅಸಿಟೇಟ್ ಮೆಥನಾಲ್‌ಗೆ ತೀರಾ ಹತ್ತಿರ ಬರುತ್ತದೆ. ಎರಡೂ ಸೇರಿದ ಪೀಕನ್ನು ಮೆಥನಾಲ್ ಅಂತಲೇ ಬರೆದರೆ ವರದಿಯೇ ತಪ್ಪು, ಅಲ್ವಾ? ಸಿಲಿಕೋನ್ ಪದರದಲ್ಲಿ ಇವೆರಡೂ ದೂರ ಸರಿಯುತ್ತವೆ. ಅದಕ್ಕೇ ಅನುಮಾನ ಬಂದ ಸ್ಯಾಂಪಲನ್ನು ಎರಡು ಬೇರೆ ಪೋಲಾರಿಟಿಯ ಕಾಲಮ್‌ಗಳಲ್ಲಿ ಓಡಿಸಿ, ಎರಡರಲ್ಲೂ ಅಂಕಿ ಹೊಂದಿದ ಮೇಲೆಯೇ ಮೆಥನಾಲ್ ಎಷ್ಟು ಅಂತ ಬರೆಯಬೇಕು.