ಬಿರುಗಾಳಿಯ ನಂತರ ಗರಗಸಕ್ಕೆ ಆತುರ ಬೇಡ

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಎಲೆ ಉದುರಿ ರೆಂಬೆ ಮುರಿದಷ್ಟೂ ಗಾಳಿಗೆ ಸಿಗುವ ಹರವು ಕುಗ್ಗಿ, ಕಾಂಡದ ಮೇಲಿನ ಭಾರ ಇಳಿಯುತ್ತದೆ. ಬಿರುಗಾಳಿಯ ಮರುದಿನ ಬೋಳಾಗಿ ನಿಂತ ಮರವನ್ನು ಸತ್ತಿತೆಂದು ಬಗೆಯುವುದು ಈ ಕಾರಣಕ್ಕೇ ತಪ್ಪು.

1989ರ ಸೆಪ್ಟೆಂಬರ್ 18ರಂದು ಹ್ಯೂಗೋ ಚಂಡಮಾರುತ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಲುಕೀಯೊ ಕಾಡಿನ ಮೇಲೆ ಹಾಯ್ದಾಗ, ವರ್ಷವಿಡೀ ಉದುರುವುದಕ್ಕಿಂತ ಹೆಚ್ಚು ಎಲೆ, ರೆಂಬೆ ಒಂದೇ ದಿನದಲ್ಲಿ ನೆಲ ಸೇರಿತು. ಕೆಲವೇ ವಾರಗಳಲ್ಲಿ ಬಹುಪಾಲು ಮರಗಳು ಕಾಂಡದ ಮೇಲೆಯೇ ಚಿಗುರೊಡೆದವು. ಅಲ್ಲಿನ ಟಬೊನೂಕೊ ಮರಗಳ ಬೇರು ಬಂಡೆಗಳನ್ನು ಬಿಗಿಹಿಡಿಯುವುದಲ್ಲದೆ ಪಕ್ಕದ ಮರದ ಬೇರಿನೊಂದಿಗೂ ಬೆಸೆದುಕೊಳ್ಳುತ್ತದೆ. ಒಂದನ್ನು ಕೆಡವಲು ಗಾಳಿ ಹಲವನ್ನು ಅಲ್ಲಾಡಿಸಬೇಕು. ಮಣ್ಣಿನಲ್ಲಿ ಮಲಗಿದ್ದ, ಬೇಗ ಬೆಳೆಯುವ ಸೆಕ್ರೋಪಿಯಾ ಮರದ ಬೀಜಗಳು ಬಿಸಿಲು ಬಿದ್ದೊಡನೆ ಮೊಳೆತು ಖಾಲಿ ಜಾಗ ತುಂಬಿದವು. ತಾಳೆ ಜಾತಿಯ ಮರ ಗರಿಗಳನ್ನೆಲ್ಲ ಕಳೆದುಕೊಂಡರೂ ಸುಳಿ ಉಳಿದರೆ ಬದುಕುತ್ತದೆ, ಸುಳಿ ಮುರಿದರೆ ಮುಗಿಯಿತು. ಹಾಗೆಂದು ಕಾಡಿನ ತಾಳಿಕೆಗೂ ಮಿತಿಯಿದೆ. 2017ರ ಮರಿಯಾ ಚಂಡಮಾರುತ ಇದೇ ಪ್ರದೇಶದಲ್ಲಿ ಹ್ಯೂಗೋಗಿಂತ ಸುಮಾರು ಎರಡು ಪಟ್ಟು ಮರಗಳನ್ನು ಕೊಂದಿತು, ಗಟ್ಟಿ ಕಟ್ಟಿಗೆಯ ಜಾತಿಗಳೂ ಮುರಿದವು.

ನೆಡುತೋಪಿನ ಕಷ್ಟವೇ ಬೇರೆ. ಒಂದೇ ಜಾತಿ, ಒಂದೇ ವಯಸ್ಸು, ಒಂದೇ ಎತ್ತರವಾದ್ದರಿಂದ ಒಂದು ಮರಕ್ಕಿರುವ ದೌರ್ಬಲ್ಯ ಇಡೀ ತೋಪಿಗಿರುತ್ತದೆ. ಒತ್ತೊತ್ತಾಗಿ ಬೆಳೆದ ಮರಗಳು ಬೆಳಕಿಗಾಗಿ ಎತ್ತರಕ್ಕೆ ಹೋಗುತ್ತವೆ, ದಪ್ಪವಾಗುವುದಿಲ್ಲ. ಎತ್ತರವನ್ನು ಎದೆಮಟ್ಟದ ವ್ಯಾಸದಿಂದ, ಎರಡನ್ನೂ ಒಂದೇ ಅಳತೆಗೆ ತಂದು, ಭಾಗಿಸಿ ನೋಡಿ: 20 ಮೀಟರ್ ಎತ್ತರದ ಮರ 25 ಸೆಂಟಿಮೀಟರ್ ದಪ್ಪವಿದ್ದರೆ 80, 20 ಸೆಂಟಿಮೀಟರ್ ಇದ್ದರೆ 100. ಅರಣ್ಯಪಾಲನೆಯ ರೂಢಿ ಲೆಕ್ಕದಲ್ಲಿ 80ರೊಳಗಿದ್ದರೆ ವಾಸಿ, 100 ಮುಟ್ಟಿದರೆ ಅಪಾಯ. ಹೆದರಿ ಒಮ್ಮೆಲೇ ಜೋರಾಗಿ ಥಿನ್ನಿಂಗ್ (ನಡುನಡುವಿನ ಮರ ಕಡಿದು ತೆಳುಗೊಳಿಸುವುದು) ಮಾಡಿದರೆ ಇನ್ನೂ ಕೆಡುಕು: ಅದುವರೆಗೆ ಅಕ್ಕಪಕ್ಕದ ಆಸರೆಯಲ್ಲಿದ್ದ ಸಪೂರ ಕಾಂಡಗಳು ನೇರ ಗಾಳಿಗೆ ಸಿಗುತ್ತವೆ, ಬೇರು ಮತ್ತು ಕಾಂಡ ಬಲಿಯಲು ಕೆಲವು ವರ್ಷ ಬೇಕು. ಎಳವೆಯಿಂದಲೇ ಸ್ವಲ್ಪ ಸ್ವಲ್ಪವಾಗಿ ತೆಳುಗೊಳಿಸುವುದೇ ಸರಿ. ಇನ್ನೊಂದು ದೋಷ ನರ್ಸರಿಯಲ್ಲೇ ಹುಟ್ಟುತ್ತದೆ. ಪಾಲಿಥಿನ್ ಚೀಲದಲ್ಲಿ ಹೆಚ್ಚು ದಿನ ಉಳಿದ ಸಸಿಯ ಬೇರು ತಳದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಅದನ್ನು ಕತ್ತರಿಸದೆ ನೆಟ್ಟರೆ ಮರ ಮೇಲೆ ಸೊಂಪಾಗಿ ಬೆಳೆದೀತು, ಆದರೆ ಮಳೆ ಕುಡಿದು ಮೆತ್ತಗಾದ ಮಣ್ಣಿನಲ್ಲಿ ಬುಡಸಮೇತ ಮಗುಚುತ್ತದೆ.

ಹಾನಿಯನ್ನು ಕಣ್ಣಂದಾಜಿನಲ್ಲಿ ಅಳೆಯಬೇಡಿ. ತೋಪಿನ ಉದ್ದಕ್ಕೂ ಸಮ ಅಂತರದಲ್ಲಿ 11.28 ಮೀಟರ್ ತ್ರಿಜ್ಯದ ವೃತ್ತಗಳನ್ನು ಹಾಕಿದರೆ ಒಂದೊಂದೂ 400 ಚದರ ಮೀಟರ್ ಆಗುತ್ತದೆ. ಅದರೊಳಗಿನ ಪ್ರತಿ ಮರವನ್ನೂ ಎಲೆ ಉದುರಿದ್ದು, ರೆಂಬೆ ಮುರಿದದ್ದು, ಕಾಂಡ ತುಂಡಾದದ್ದು, ವಾಲಿದ್ದು, ಬುಡಮೇಲಾದದ್ದು ಎಂದು ಬರೆದುಕೊಳ್ಳಿ. ಮೊದಲೆರಡು ಬಗೆಯವಕ್ಕೆ ಬಣ್ಣದ ಗುರುತು ಹಾಕಿ ಎರಡು ಮೂರು ತಿಂಗಳು ಬಿಡಿ. ನೀಲಗಿರಿ, ತೇಗ ತುಂಡಾದರೂ ಬುಡದಿಂದ ಚಿಗುರುತ್ತವೆ. ಕಾಂಡ ತುಂಡಾದ ಪೈನ್ ಸಾಮಾನ್ಯವಾಗಿ ಮತ್ತೆ ಏಳುವುದಿಲ್ಲ, ಅದನ್ನು ನೀಲಿ ಬೂಷ್ಟು ಹತ್ತುವ ಮೊದಲೇ ಸಾಗಿಸಬೇಕು. ವಾಲಿದ ಎಳೆಯ ಗಿಡಗಳನ್ನು ಬೇರು ಒಣಗುವ ಮುನ್ನ ನಿಧಾನವಾಗಿ ನೆಟ್ಟಗೆ ಮಾಡಿ, ಊರುಗೋಲು ಕೊಟ್ಟು, ತಲೆಯ ರೆಂಬೆ ಸವರಿ ಹಗುರ ಮಾಡಿ.

ಬಿದ್ದ ಮರ ತೆಗೆಯುವಾಗ ಜೀವಕ್ಕೇ ಅಪಾಯವಿದೆ. ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡ ಕಾಂಡವನ್ನು ಸೆಳೆತವಿರುವ ಹೊರಬದಿಯಿಂದ ಒಮ್ಮೆಲೇ ಕೊಯ್ದರೆ ಅದು ಸಿಡಿದು ಹೊಡೆಯುತ್ತದೆ, ನುರಿತವರಷ್ಟೇ ಮುಟ್ಟಬೇಕು. ಭಾರದ ಯಂತ್ರವನ್ನು ಹಸಿ ನೆಲದ ಮೇಲೆ ಓಡಿಸಿದರೆ ಮಣ್ಣು ಗಟ್ಟಿಯಾಗಿ, ಆಗಷ್ಟೇ ಮೊಳೆತ ಸಸಿಗಳೂ ನಾಶವಾಗುತ್ತವೆ. ಮಾರಾಟಕ್ಕೆ ಬಾರದ ರೆಂಬೆ, ಸೊಪ್ಪು ಅಲ್ಲೇ ಕೊಳೆಯಲಿ, ಅದರಲ್ಲಿರುವ ಪೋಷಕಾಂಶ ಮಣ್ಣಿಗೆ ಬೇಕು. ಬೇಸಿಗೆ ಕಟುವಾಗಿರುವ ಕಡೆ ಮಾತ್ರ ಬೆಂಕಿ ಹರಡದಂತೆ ನಡುನಡುವೆ ತೆರವಿನ ಪಟ್ಟಿ ಬಿಡಬೇಕು. ಬೆಳಕು ಕಂಡು ಏರುವ ಬಳ್ಳಿಗಳ ಮೇಲೂ ಕಣ್ಣಿರಲಿ: ಚಿಗುರುತ್ತಿರುವ ಮರಕ್ಕೆ ಅವು ಮುಸುಕು ಹಾಕುವ ಮುನ್ನ ಬುಡದಲ್ಲಿ ಕತ್ತರಿಸಿ.